ಈರಪ್ಪ ಕೇಳಿದ ಗಾಲಿ

ಈರಪ್ಪ ಹಾಕಿದ ವೆಲ್ಡಿಂಗ್ ಬಿಟ್ಟಿರಲಿಲ್ಲ. ಗಾಲಿಯ ಬೋಲ್ಟು ಸಡಿಲಾಗಿದ್ದವು. ಅವನ್ನು ಬಿಗಿ ಮಾಡಬೇಕಾದವನು ನಾನು, ಮಾಡಲಿಲ್ಲ. ಗೆಳೆಯನ ಕಾಲು ಹೋಯಿತು, ಆ ತಪ್ಪನ್ನು ಹನ್ನೆರಡು ವರ್ಷ ಈರಪ್ಪನ ತಲೆಗೆ ಕಟ್ಟಿ ನಾನು ಹುಬ್ಬಳ್ಳಿಯಲ್ಲಿ ದೊಡ್ಡ ಮನುಷ್ಯನಂತೆ ಓಡಾಡಿಕೊಂಡಿದ್ದೆ.

ನಾನು ಬೋರ್‌ವೆಲ್ ಪಂಪು ರಿಪೇರಿ ಮಾಡುವವನು. ಶಿರಗುಪ್ಪಿ ಕಡೆಯ ಎರೆಹೊಲಗಳಿಗೆ ಮಳೆಯಾದ ಮೇಲೆ ಜೀಪು ಒಯ್ದರೆ ಮುಗಿಯಿತು, ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಟೈರಿನ ಗಾಳಿ ಇಳಿಸಿದರೆ ಟೈರು ಅಗಲವಾಗಿ ಹರಡಿ ಕೆಸರಿನ ಮೇಲೆ ಹೋಗುತ್ತದೆ, ಖರೆ. ಆದರೆ ಗಾಳಿ ಕಡಿಮೆಯಾದ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಹಳೇ ವಿದೇಶಿ ಪತ್ರಿಕೆಯೊಂದರಲ್ಲಿ ಇದಕ್ಕೆ ಉಪಾಯ ಕಂಡಿತು. ರಿಮ್ಮಿನ ಅಂಚಿಗೆ ಕಬ್ಬಿಣದ ಬಳೆಯೊಂದನ್ನು ಬೆಸೆದು, ಅದರ ಮೇಲೆ ಟೈರಿನ ತುಟಿ ಕೂರಿಸಿ, ಹೊರಗಿನಿಂದ ಇನ್ನೊಂದು ಬಳೆ ಇಟ್ಟು ಸುತ್ತಲೂ ಬೋಲ್ಟು ಹಾಕಿ ಅಮುಕುವುದು. ಬೀಡ್‌ಲಾಕ್ ಎನ್ನುತ್ತಾರೆ. ಪಂಪಿಗಾಗಿಯೇ ಬೇಕಿತ್ತು ಎಂದು ಎಲ್ಲರಿಗೂ ಹೇಳಿದೆ. ಸುಳ್ಳು — ಅರ್ಧ ಸುಳ್ಳು. ಊರಲ್ಲಿ ಯಾರ ಹತ್ತಿರವೂ ಇಲ್ಲದ ಗಾಲಿ ನನ್ನ ಜೀಪಿಗೆ ಇರಬೇಕಿತ್ತು, ಅಷ್ಟೇ.

ಕಮರಿಪೇಟೆಯ ಓಣಿಯಲ್ಲಿ ಈರಪ್ಪನ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರು, ಲಾರಿಯ ಚಾಸಿ — ಜನರ ಜೀವದ ಹೊಣೆಯಿರುವ ಕೆಲಸವೆಲ್ಲ ಅವನಲ್ಲಿಗೇ ಬರುತ್ತಿತ್ತು. ಪತ್ರಿಕೆಯ ಚಿತ್ರ ನೋಡಿ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಕೆಲಸ ಹಿಡಿದ. ಒಂದೇ ಕಡೆ ಕಾಯಿಸಿದರೆ ಬಳೆ ಸೊಟ್ಟಗಾಗುತ್ತದೆಂದು ಇಲ್ಲಿ ಎರಡು ಬೆರಳಗಲ, ಎದುರಿಗೆ ಎರಡು ಬೆರಳಗಲ ಬೆಸೆದು, ಆರಲು ಬಿಟ್ಟು, ಮತ್ತೆ ಬೆಸೆದು — ನಾಲ್ಕು ಗಾಲಿಗೆ ಒಂಬತ್ತು ದಿನ ತೆಗೆದುಕೊಂಡ. ನಾನು ದಿನಾ ಹೋಗಿ ತಲೆ ತಿನ್ನುತ್ತಿದ್ದೆ. ಕೊನೆಗೆ ಗಾಲಿ ಕೊಡುವಾಗ ಒಂದೇ ಮಾತು ಹೇಳಿದ.

"ಹತ್ತ ಮೈಲಿ ಓಡಿಸಿ, ಮತ್ತ ಎಲ್ಲಾ ಬೋಲ್ಟ್ ಬಿಗಿ ಮಾಡ್ರಿ. ರಬ್ಬರ್ ಕುಂತ ಮ್ಯಾಲ ಸಡ್ಲ ಆಗ್ತಾವ. ಮರೀಬ್ಯಾಡ್ರಿ ಮತ್ತ."

ಮರೆಯಲಿಲ್ಲ. ಮರೆತಿದ್ದರೆ ಈಗ ಇಷ್ಟು ಬಾಧೆ ಇರುತ್ತಿರಲಿಲ್ಲ. ಶಿರಗುಪ್ಪಿಯ ಕೆಸರಿನಲ್ಲಿ ಜೀಪು ಎಮ್ಮೆಯಂತೆ ನಿರಾಳವಾಗಿ ನಡೆದಾಗ ರೈತರು ಕೈ ತಟ್ಟಿದರು. ಆ ಖುಷಿಯಲ್ಲಿ ಬೋಲ್ಟು ಬಿಗಿಸುವ ಪಾನಾ ಮುಟ್ಟಲಿಲ್ಲ. ಮರುದಿನ ಗಾಲಿಗೆ ಗಾಳಿ ತುಂಬಿಸಿ, ಗೆಳೆಯ ಸುರೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಧಾರವಾಡಕ್ಕೆ ಹೊರಟೆ. ಅವನು ಹೈಸ್ಕೂಲಿನ ಡ್ರಿಲ್ ಮಾಸ್ತರ. ಉಣಕಲ್ ಇನ್ನೂ ಬಂದಿರಲಿಲ್ಲ, ಮುಂದಿನ ಎಡಗಾಲಿಯಿಂದ ಟಕ್ ಟಕ್ ಎಂದು ಸಣ್ಣ ಸಪ್ಪಳ ಬಂತು. ಅದೇನೆಂದು ನನಗೆ ಗೊತ್ತಾಯಿತು. ಪಾನಾ ಸೀಟಿನ ಕೆಳಗೇ ಇತ್ತು. ಧಾರವಾಡ ಮುಟ್ಟಿದ ಮೇಲೆ ಮಾಡಿದರಾಯಿತು ಎಂದುಕೊಂಡೆ.

ಉಣಕಲ್ ಕೆರೆ ದಾಟಿದ ಮೇಲೆ ಟೈರು ಕಳಚಿತು. ಜೀಪು ರಸ್ತೆ ಬಿಟ್ಟು ಎಡಕ್ಕೆ ಮಗುಚಿತು. ನನಗೆ ಮೊಣಕೈ ತರಚಿತ್ತು. ಸುರೇಶನ ಎಡಗಾಲು ಜೀಪಿನ ಕೆಳಗೆ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಅವನ ಅಪ್ಪ ಓಡಿ ಬಂದು ನನ್ನ ಅಂಗಿ ಹಿಡಿದು ಕೇಳಿದರು, "ಏನಾತೋ ತಮ್ಮಾ?"

"ವೆಲ್ಡಿಂಗ್ ಬಿಡ್ತರಿ ಕಾಕಾ."

ಯೋಚಿಸಿ ಹೇಳಿದ್ದಲ್ಲ. ಆದರೆ ಎರಡನೆಯ ಸಲ, ಮೂರನೆಯ ಸಲ — ಕಮರಿಪೇಟೆಯ ಚಹಾದಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಬಿಡಿಭಾಗದ ಅಂಗಡಿಯಲ್ಲಿ — ಯೋಚಿಸಿಯೇ ಹೇಳಿದೆ. ಹೇಳುತ್ತ ಹೇಳುತ್ತ ಕೈಯಾಡಿಸಿ ತೋರಿಸುವಷ್ಟು ಪಳಗಿದೆ.

ವಾರದ ಮೇಲೆ ಈರಪ್ಪ ಬಂದ. ಅಳುತ್ತಿರಲಿಲ್ಲ, ಜಗಳಕ್ಕೂ ಬಂದಿರಲಿಲ್ಲ. "ಆ ಗಾಲಿ ಒಂದ ಸಲ ತೋರಸ್ರಿ. ಎಲ್ಲೆ ಬಿಟ್ಟೈತಿ ನೋಡತೇನಿ."

ಗಾಲಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಇತ್ತು. ಅವನು ಬೆಸೆದ ಬಳೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ನೋಡಿದ್ದರೆ ಆ ಕ್ಷಣವೇ ಅವನಿಗೆ ತಿಳಿಯುತ್ತಿತ್ತು. ಗುಜರಿಗೆ ಹಾಕಿದೆ ಎಂದೆ. ಅವನು ತನಗೇ ಹೇಳಿಕೊಳ್ಳುವವನಂತೆ ಅಂದ —

"ಎಡಗಡೆ ಗಾಲಿ ಮಾಡಾಕತ್ತಾಗ ಎರಡ ಸಲ ಕರೆಂಟ ಹೋಗಿತ್ರಿ. ಬೆಸುಗಿ ಜೋಡ ಅಲ್ಲೇ ಹಸೀ ಉಳದಿರಬೇಕ. ಅಲ್ಲೇನ್ರಿ?"

ಅವನೇ ತನ್ನ ಮೇಲೆ ತಪ್ಪು ಹುಡುಕಿ ತಂದು ನನ್ನ ಮುಂದೆ ಇಟ್ಟಿದ್ದ. ಒಂದು 'ಇಲ್ಲ' ಸಾಕಿತ್ತು. ನಾನು — ತಲೆ ಆಡಿಸಿದೆ. "ಹೌದ, ಅಲ್ಲೇ ಇರಬೇಕ."

ಸುರೇಶನ ಕಾಲಿನ ವಿಷಯದಲ್ಲಿ ನಾನು ಅಜಾಗರೂಕ. ಇಲ್ಲಿ ನಾನು ಪಾಪಿ. ಎರಡರ ನಡುವಿನ ಅಂತರ ನನಗೆ ಗೊತ್ತಿದೆ.

ಈರಪ್ಪ ಗಾಲಿ, ಚಾಸಿ, ಟ್ರೇಲರು ಯಾವುದನ್ನೂ ಮುಟ್ಟುವುದನ್ನು ಬಿಟ್ಟ. ಕಿಟಕಿಯ ಸರಳು, ಗೇಟು, ಅಷ್ಟೇ. ನಡುವೆ ಕರೆಂಟು ಹೋದರೆ ಮಾಡಿದ್ದೆಲ್ಲ ಕತ್ತರಿಸಿ ಮೊದಲಿನಿಂದ ಮಾಡುತ್ತಿದ್ದನಂತೆ, ಕಿಟಕಿಯ ಸರಳಿಗೂ. ಜನ ನಗುತ್ತಿದ್ದರು. ಸುರೇಶ ಕೋಲು ಹಿಡಿದು ನಡೆಯಲು ಕಲಿತ, ಶಾಲೆಯವರು ಆಫೀಸಿನಲ್ಲಿ ಕೂರಿಸಿದರು. ಅವನ ಮನೆಗೆ ಚಹಾಕ್ಕೆ ಹೋದಾಗೆಲ್ಲ ಒಂದೇ ಮಾತು: "ಈರಪ್ಪ ಇವತ್ತೂ ಬಂದಿದ್ದ ನೋಡಪಾ. ಬಂದು ನನ್ನ ಕಾಲ ಮುಟ್ಟತಾನ. ನಾ ಯಾವಾಗೋ ಮಾಫ್ ಮಾಡೇನಿ, ಅಂವಾ ಕೇಳವಲ್ಲ." ನಾನು ಚಹಾ ಕುಡಿಯುತ್ತಿದ್ದೆ. ಆ ಟಕ್ ಟಕ್ ಸಪ್ಪಳ ಮಾತ್ರ ನನ್ನನ್ನು ಬಿಡಲಿಲ್ಲ — ಸೀಲಿಂಗ್ ಫ್ಯಾನಿನಲ್ಲಿ, ಹೊಲಿಗೆ ಯಂತ್ರದಲ್ಲಿ, ಹೆಂಡತಿ ಹುಣಸೆ ಬೀಜ ಒಡೆಯುವಾಗ.

ಕಳೆದ ತಿಂಗಳು ಈರಪ್ಪ ನನ್ನ ಅಂಗಡಿಗೆ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸ್ಟೂಲಿನ ಮೇಲೆ ಕೂರಲಿಲ್ಲ.

"ಮಾಸ್ತರು ಮಾಫ್ ಮಾಡ್ಯಾರ. ನಿಮ್ಮನ್ನ ಕೇಳೇ ಇಲ್ಲ ನಾ. ನಿಮ್ಮ ಗಾಡೀನೂ ನನ್ನಿಂದ ಹಾಳಾತು. ನೀವೂ ಒಂದ ಮಾತ ಅಂದಬಿಡ್ರಿ."

ಎದ್ದು ಒಳಗೆ ಹೋದೆ. ಗೋಣಿಚೀಲ ಸರಿಸಿ ಗಾಲಿಯನ್ನು ಉರುಳಿಸಿಕೊಂಡು ಬಂದು ಅವನ ಮುಂದೆ ಮಲಗಿಸಿದೆ. ಬೋಲ್ಟಿನ ಮಾತು, ಸಪ್ಪಳದ ಮಾತು, ಸುಳ್ಳಿನ ಮಾತು — ಎಲ್ಲ ಹೇಳಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ನೆಲಕ್ಕೆ ಕೂತು, ಹೆಬ್ಬೆರಳನ್ನು ಜೋಡಿನ ಮೇಲಿಟ್ಟು, ಬಳೆಯ ಸುತ್ತ ಮೆಲ್ಲಗೆ ಒಂದು ಪೂರ್ತಿ ಸುತ್ತು ತಂದ. ಮತ್ತೊಂದು ಸುತ್ತು ತಂದ.

"ನನ್ನ ಕೈ ತಪ್ಪಿದ್ದಿಲ್ಲ," ಅಂದ.

ಬೈಯಲಿ ಎಂದು ಕಾದೆ. ಹೊಡೆದರೂ ಆಗುತ್ತಿತ್ತು. ಅವನು ಎದ್ದು ಧೋತರ ಝಾಡಿಸಿಕೊಂಡು ಹೇಳಿದ: "ನಿಮ್ಮನ್ನ ನಾ ಮಾಫ್ ಮಾಡಂಗಿಲ್ರಿ. ಯಾರ್ಯಾರ ಮುಂದ ಹೇಳೀರಿ, ಅವರ ಮುಂದೆಲ್ಲಾ ಹೋಗಿ ಹೇಳಿ ಬರ್ರಿ."

ಆ ಸಂಜೆ ಸುರೇಶನಿಗೆ ಹೇಳಿದೆ. ಅವನು ಕೋಲೂರಿ ಎದ್ದು ಹೋಗಿ ಬಾಗಿಲು ತೆರೆದು ನಿಂತ. ನಾನು ಹೊರಗೆ ಬಂದೆ. ಅಂದಿನಿಂದ ಮಾತಿಲ್ಲ.

ನಾನು ಸುಳ್ಳು ಹೇಳಿದವರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರು ಎಲ್ಲಿದ್ದಾರೋ ತಿಳಿಯದು. ಅವರಿಗಾಗಿ ಇದನ್ನು ಬರೆದಿದ್ದೇನೆ. ಉಳಿದವರ ಬಳಿ ನಾನೇ ಹೋಗುತ್ತಿದ್ದೇನೆ. ಇವತ್ತು ಬೆಳಿಗ್ಗೆ ಚಹಾದಂಗಡಿಯವನಿಗೆ ಹೇಳಿದೆ. ಅವನು ಕಪ್ಪು-ಬಸಿ ತೊಳೆಯುವುದನ್ನು ನಿಲ್ಲಿಸದೆ ಕೇಳಿದ, "ಈಗ್ಯಾಕ್ರಿ ಅದೆಲ್ಲಾ?"

ಚಹಾದ ದುಡ್ಡು ಇಟ್ಟು ಎದ್ದೆ. ಪಕ್ಕದ ಗ್ಯಾರೇಜಿಗೆ ಹೋದೆ.