ಸೌಟಪ್ಪನ ಮೊಮ್ಮಗಳ ಖಾಲಿ ಬಟ್ಟಲು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟ ಬಡಿಸುವ ಕೆಲಸವನ್ನು ಒಂದು ದೊಡ್ಡ ಪದವಿಯಂತೆ ನಿಭಾಯಿಸಿ ನಿವೃತ್ತರಾದವರು ನಮ್ಮ ಮೇಲ್ಮಹಡಿಯ ಸೌಟಪ್ಪ. ಹೆತ್ತವರು ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿದೆ. ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಸಾಲಿನಲ್ಲಿ ನಿಂತವನ ಮುಖ ನೋಡಿದರೆ ಸಾಕು, ಅವನ ಹೊಟ್ಟೆ ಎಷ್ಟು ಸೌಟು ಹಿಡಿಯುತ್ತದೆಂದು ತಮಗೆ ತಿಳಿಯುತ್ತದೆ ಎಂಬುದು ಅವರ ಹೆಮ್ಮೆ. ‘ಸಾಕು’ ಎಂದವನ ತಟ್ಟೆಗೂ ಇನ್ನೊಂದು ಸೌಟು ಬೀಳುತ್ತಿತ್ತು. “ಸಾಕು ಅನ್ನೋದು ಮರ್ಯಾದೆಗೆ ಕಣಯ್ಯಾ, ಹೊಟ್ಟೆ ಮಾತಲ್ಲ” ಎನ್ನುತ್ತಿದ್ದರು.

ಇಂಥವರ ಕೈಗೆ ಎಂಟು ತಿಂಗಳ ಮೊಮ್ಮಗಳು ಬಂದಳು. ಮಗಳಿಗೆ ಬಾಟಲಿ ಕಾರ್ಖಾನೆಯಲ್ಲಿ ಕೆಲಸ. ಗಾಜನ್ನು ಬೆಳಕಿಗೆ ಹಿಡಿದು ಕೂದಲೆಳೆಯಷ್ಟು ಬಿರುಕನ್ನೂ ಹುಡುಕುವುದು. ಅಳಿಯ ಲಾರಿ ಓಡಿಸುತ್ತ ಸದಾ ದೂರ. ಒಂದು ವಾರ ಅರ್ಧ ದಿನ ಹೋಗಿ ನೋಡುತ್ತೇನೆ, ಮಗು ಅಜ್ಜನ ಕೈಯಲ್ಲಿ ತಿಂದರೆ ಸೋಮವಾರದಿಂದ ಪೂರ್ತಿ ದಿನ, ಇಲ್ಲವಾದರೆ ಕೆಲಸ ಬಿಟ್ಟೇಬಿಡುತ್ತೇನೆ ಎಂದಿದ್ದಳು ಮಗಳು. ಅವಳಿಗೆ ಆ ಕೆಲಸದ ಮೇಲೆ ಎಷ್ಟು ಜೀವ ಎನ್ನುವುದು ಅಪ್ಪನಿಗೆ ಗೊತ್ತಿತ್ತು.

“ನನ್ನ ಕೈಯಲ್ಲಿ ತಿನ್ನದೇ ಇರೋರು ಇನ್ನೂ ಹುಟ್ಟಿಲ್ಲಮ್ಮ” ಎಂದರು ಸೌಟಪ್ಪ.

ಹುಟ್ಟಿ ಎಂಟು ತಿಂಗಳಾಗಿತ್ತು.

ಮಗಳು ಹಾಲು ಕುಡಿಸಿ ಹೊರಟ ಮೇಲೆ, ಬೇಯಿಸಿ ಹಿಸುಕಿದ ತರಕಾರಿ, ಅನ್ನದ ಬಟ್ಟಲು ಹಿಡಿದು ಕೂತರು. ಮಗು ಎರಡು ಚಮಚ ಚಪ್ಪರಿಸಿ ತಿಂದಿತು. ಮೂರನೆಯದಕ್ಕೆ ಮುಖ ತಿರುಗಿಸಿತು. ಸೌಟಪ್ಪ ಆ ಕಡೆಯಿಂದ ಬಂದರು. ಅದು ಈ ಕಡೆ ತಿರುಗಿತು. ಕಾಗೆ ತೋರಿಸಿದರು, ಹಾಡಿದರು, ತಾವೇ ಕಾಗೆಯೂ ಆದರು. ತುಟಿಯ ಬೀಗ ಬಿಚ್ಚಲಿಲ್ಲ. ಉಪಾಯದಿಂದ ತೂರಿಸಿದ ಒಂದು ಚಮಚ ಅವರ ಕನ್ನಡಕಕ್ಕೇ ವಾಪಸಾಯಿತು.

ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕಂಕುಳಲ್ಲಿ ಅದೇ ವಯಸ್ಸಿನ ಮೊಮ್ಮಗ, ಗುಂಡ.

“ಇಷ್ಟೇನಾ ತಿನ್ನೋದು? ನಮ್ ಗುಂಡ ಬಟ್ಟಲು ಕಿತ್ಕೊಳ್ದಿದ್ರೆ ಅದನ್ನೂ ನುಂಗ್ತಾನೆ. ಊರಿಗೆಲ್ಲ ಬಡಿಸಿದ ಕೈ ಅಂತೀರಿ!”

ಆ ಮಾತು ಮುಳ್ಳಿನಂತೆ ಉಳಿಯಿತು. ಸೌಟಪ್ಪ ಕಿಟಕಿಗೂ ಬಾಗಿಲಿಗೂ ಶತಪಥ ಹಾಕಿದರು. ಗಡಿಯಾರ ನೋಡಿದರು, ಮಗುವಿನ ಹೊಟ್ಟೆ ಮುಟ್ಟಿ ನೋಡಿದರು. ಮಧ್ಯಾಹ್ನ ಮೆಟ್ಟಿಲ ಮೇಲೆ ಮಗಳ ಚಪ್ಪಲಿಯ ಸದ್ದು ಕೇಳಿದಾಗ ಏನು ತೋಚಿತೋ, ಮಿಕ್ಕಿದ್ದನ್ನೆಲ್ಲ ಗಬಗಬನೆ ತಾವೇ ತಿಂದು ಬಾಯಿ ಒರೆಸಿಕೊಂಡರು.

“ಅಪ್ಪಾ! ಪೂರ್ತಿ ತಿಂದ್ಳಾ?”

“ನೋಡು, ಬಟ್ಟಲೇ ಹೇಳುತ್ತೆ.”

ಮಗಳು ಹಿಗ್ಗಿದಳು. ಹಿಗ್ಗಿ ಮರುದಿನ ಬಟ್ಟಲು ತುಂಬ ಮಾಡಿಟ್ಟಳು, ಅದರ ಮರುದಿನ ಗೋಪುರದಂತೆ. ಆಮೇಲೆ ಎರಡು ಬಟ್ಟಲು. ಉಪ್ಪಿಲ್ಲದ ಆ ಮುದ್ದೆಯನ್ನು ಸೌಟಪ್ಪ ಕಣ್ಣು ಮುಚ್ಚಿ ನುಂಗಿದರು. ರಾತ್ರಿ ತಮ್ಮ ತಟ್ಟೆಯ ಮುಂದೆ ಕೂತರೆ ಅನ್ನ ಸೇರದು.

“ಅವಳು ಹಾಗೆ ತಿಂತಾಳೆ, ನೀನು ಹೀಗೆ. ಮೈಗೆ ಹುಷಾರಿಲ್ವಾ ಅಪ್ಪಾ?”

“ವಯಸ್ಸು ಕಣಮ್ಮ” ಎಂದು ತೇಗಿದರು.

ಶನಿವಾರ ಮೂವರೂ ಆಸ್ಪತ್ರೆಗೆ, ಮಗುವಿನ ತೂಕ ನೋಡಿಸಲು. ತಕ್ಕಡಿಯಲ್ಲಿ ಮಗು ಕೈಕಾಲು ಬಡಿದು ನಕ್ಕಿತು. ನರ್ಸಮ್ಮ ಗುರುತು ಹಾಕಿಕೊಳ್ಳುತ್ತ ಊಟ ಹೇಗೆ ಎಂದು ಕೇಳಿದಳು. ಮಗಳು ಅಭಿಮಾನದಿಂದ ಹೇಳಿದಳು: “ಮಧ್ಯಾಹ್ನ ಎರಡು ಬಟ್ಟಲು!”

“ಒಂದೇ ಸಲಕ್ಕಾ? ಹಾಲು?”

“ಅದೂ ಮೊದಲಿನಷ್ಟೇ ಕುಡೀತಾಳೆ.”

ನರ್ಸಮ್ಮನ ಪೆನ್ನು ನಿಂತಿತು. “ಇಷ್ಟು ಸಣ್ಣ ಕೂಸು ಅಷ್ಟು ತಿಂದು ತೂಕ ಇಷ್ಟೇ ಏರೋದಾ? ಡಾಕ್ಟರಿಗೆ ತೋರಿಸ್ಬಿಡಿ. ರಕ್ತ ಪರೀಕ್ಷೆ ಬರೆದ್ರೂ ಬರೀಬಹುದು.”

ಮಗಳ ಮುಖ ಬಿಳಿಚಿತು. ಸೌಟಪ್ಪ ಎದ್ದರು, ಕೂತರು, ಮತ್ತೆ ಎದ್ದರು. ಆ ಪುಟ್ಟ ತೋಳಿಗೆ ಸೂಜಿ!

“ಬೇಡ ತಾಯಿ. ತಿಂದದ್ದು ಅವಳಲ್ಲ.”

“ಮತ್ಯಾರು?”

“ನಾನು.”

ನರ್ಸಮ್ಮ ನಗು ತಡೆಯಲು ಮೇಜಿನ ಖಾನೆಯಲ್ಲಿ ಏನನ್ನೋ ಹುಡುಕಿದಳು. ಆಮೇಲೆ ತಿರುಗಿ ಹೇಳಿದಳು: “ಹಾಗಿದ್ರೆ ತೂಕ ಚೆನ್ನಾಗೇ ಏರ್ತಿದೆ ಅಜ್ಜ. ಆಡ್ತಾಳೆ, ಹಾಲು ಕುಡೀತಾಳೆ. ಈಗಿನ್ನೂ ಹಾಲೇ ಮುಖ್ಯ, ಜೊತೆಗೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಕೊಡಿ. ಇವತ್ತು ಎರಡು ಚಮಚ ಆಗಬಹುದು, ನಾಳೆ ಅರ್ಧ ಬಟ್ಟಲು. ಒಂದು ಮಗು ತಿಂದಷ್ಟು ಇನ್ನೊಂದು ತಿನ್ನಲ್ಲ. ಮುಖ ತಿರುಗಿಸಿದ್ರೆ ನಿಲ್ಲಿಸಿ, ಅಷ್ಟೇ.”

ದಾರಿಯುದ್ದಕ್ಕೂ ಮಗಳು ಮಗುವನ್ನೆತ್ತಿಕೊಂಡು ಮುಂದೆ ಮುಂದೆ ನಡೆದಳು. ಸೌಟಪ್ಪ ಚೀಲ ಹಿಡಿದು ಹಿಂದೆ. ಔಷಧಿ ಅಂಗಡಿಯ ಮುಂದೆ ಅವಳು ಗಕ್ಕನೆ ನಿಂತಳು.

“ಅವಳು ತಿನ್ನದಿದ್ರೆ ಪರವಾಗಿಲ್ಲ ಅಪ್ಪಾ. ನೀನು ಮುಚ್ಚಿಟ್ರೆ ನಾನು ಅಲ್ಲಿ ಹೇಗೆ ಕೆಲಸ ಮಾಡ್ಲಿ?”

“ನೀನು ಕೆಲಸ ಬಿಡಬಾರ್ದು ಅಂತ...”

“ಗೊತ್ತು” ಎಂದಳು. ಸಿಟ್ಟೇನೂ ಇಳಿದಿರಲಿಲ್ಲ.

ಭಾನುವಾರವಿಡೀ ಅವಳು ಹೋಗುವಳೋ ಇಲ್ಲವೋ ಹೇಳಲೇ ಇಲ್ಲ. ಕೇಳುವ ಧೈರ್ಯ ಸೌಟಪ್ಪನಿಗೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ತಲೆ ಬಾಚಿಕೊಂಡು, ಬಟ್ಟಲಿಗೆ ಮುಚ್ಚಳ ಹಾಕಿಟ್ಟು, ಕೆಲಸಕ್ಕೆ ಹೊರಟಳು.

ಮಧ್ಯಾಹ್ನ ಫೋನು ಬಂತು.

“ಎಷ್ಟು ತಿಂದ್ಳು?”

ಸೌಟಪ್ಪ ಬಟ್ಟಲಿನ ಮುಚ್ಚಳ ತೆಗೆದು ನೋಡಿದರು. “ಒಂದೂವರೆ ಚಮಚ. ಉಳಿದರ್ಧ ನನ್ನ ಅಂಗಿ ಮೇಲಿದೆ. ಮುಖ ತಿರುಗಿಸಿದ್ಳು, ಬಿಟ್ಬಿಟ್ಟೆ.”

ಆ ಕಡೆ ಗಾಜಿನ ಬಾಟಲಿಗಳು ಕಿಣಿಕಿಣಿ ಎಂದವು.

“ಸರಿ” ಎಂದಳು ಮಗಳು. “ಇನ್ಮೇಲೆ ಸಂಜೆ ಆರಕ್ಕೆ ಬರ್ತೀನಿ.”