ಬಿಸಿಯಪ್ಪನ ಬೆರಳು

ಬಿಸಿಯಪ್ಪ ತನ್ನ ಹೆಂಡತಿಯ ತಮ್ಮನಿಗೆ ಒಂದು ಮಾತು ಬಾಕಿ ಉಳಿಸಿಕೊಂಡಿದ್ದಾನೆ. ದುಡ್ಡಿನ ಸಾಲವಾಗಿದ್ದರೆ ಹೊಟ್ಟೆ ಬಟ್ಟೆ ಕಟ್ಟಿ ತೀರಿಸುತ್ತಿದ್ದ. ಇದು ‘ತಪ್ಪು ನಂದು’ ಅನ್ನುವಷ್ಟು ಸಣ್ಣ ಮಾತು, ಹತ್ತು ಜನರ ಎದುರಿಗೆ ಆಡಬೇಕಾಗಿದ್ದ ಮಾತು. ಆಡಲಿಲ್ಲ.

ಹೆತ್ತವರು ಇಟ್ಟ ಹೆಸರು ಬೇರೆ. ಟ್ಯಾಕ್ಸಿ ಶೆಡ್ಡಿನಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಅರ್ಧ ಆಯುಸ್ಸನ್ನು ಸ್ಟೀರಿಂಗ್ ಹಿಂದೆ ಸವೆಸಿದವನು. ಕಣ್ಣು ಮಂಜಾಗಿ ಲೈಸೆನ್ಸ್ ಹೋದಾಗ, ಅದೇ ಶೆಡ್ಡಿನ ಮೆಕ್ಯಾನಿಕ್ ಆಗಿದ್ದ ಭಾಮೈದ ಮಾಲೀಕನ ಮುಂದೆ ನಿಂತ. “ನಮ್ಮ ಭಾವನ ಕಣ್ಣು ರಸ್ತೆಗೆ ಸಾಲ್ದು, ಶೆಡ್ಡಿಗೆ ಸಾಕು. ನಾನಿದೀನಲ್ಲ” ಅಂದು ಕೆಲಸ ಕೊಡಿಸಿದ.

ಕೆಲಸ ಇಷ್ಟೇ. ಡ್ರೈವರುಗಳು ಬರುವ ಮೊದಲು ಶೆಡ್ಡಿನ ಹಳೆಯ ಆಟೋಮ್ಯಾಟಿಕ್ ಕಾರುಗಳನ್ನು ಒಂದೊಂದಾಗಿ ಸ್ಟಾರ್ಟ್ ಮಾಡಿ ಎಂಜಿನ್ ಬಿಸಿ ಮಾಡಬೇಕು, ಆಮೇಲೆ ಗೇರ್‌ಬಾಕ್ಸಿನ ಆಯಿಲ್ ನೋಡಿ, ಕಮ್ಮಿಯಿದ್ದರೆ ತುಂಬಬೇಕು. ಚಳಿಗೆ ಮುದುಡಿಕೊಂಡು ಬರುವ ಡ್ರೈವರುಗಳು ಬೆಚ್ಚಗಿನ ಸೀಟಿಗೆ ಕೂರುತ್ತಿದ್ದರು. “ಬಿಸಿಯಪ್ಪಾ, ನಮ್ಮನೆಗೂ ಒಂದ್ಸಲ ಬಾರಪ್ಪ. ನನ್ನ ಹೆಂಡ್ತೀನ ಎಬ್ಬಿಸೋದು ಈ ಕಾರಿಗಿಂತ ಕಷ್ಟ” ಅಂದರೆ, “ಅವಳೇನೋ ಏಳ್ತಾಳೆ, ನಿನ್ನ ಮುಖ ನೋಡಿ ಮತ್ತೆ ಮಲಗ್ತಾಳೆ” ಅನ್ನುತ್ತಿದ್ದ.

ಭಾಮೈದ ಮೊದಲ ದಿನವೇ ಕಲಿಸಿದ್ದ. “ಎಂಜಿನ್ ಓಡ್ತಾ ಇರ್ಬೇಕು, ಚೆನ್ನಾಗಿ ಬಿಸಿಯಾಗಿರ್ಬೇಕು, ಆಗ ಆಯಿಲ್ ಅಳೆಯೋ ಕಡ್ಡಿ ಎಳೆದು ಗೀರಿನವರೆಗೆ ಇದೆಯಾ ನೋಡು. ಈ ಆಯಿಲ್ ಬಿಸಿಯಾದ್ರೆ ಉಬ್ಬುತ್ತೆ ಭಾವ. ತಣ್ಣಗಿದ್ದಾಗ ಕಮ್ಮಿ ಇದ್ದ ಹಾಗೆ ಕಾಣುತ್ತೆ. ಮೋಸ ಹೋಗ್ಬೇಡ.”

ಬಿಸಿಯಪ್ಪ ಬಹಳ ಕಾಲ ಹಾಗೇ ಮಾಡಿದ. ಆದರೆ ಬರಬರುತ್ತ ಕಣ್ಣು ಶೆಡ್ಡಿಗೂ ಸಾಲದಷ್ಟು ಮಂಜಾಯಿತು. ಕಡ್ಡಿಯ ಮೇಲಿನ ಗೀರು ಕಾಣಿಸದು. ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡವಳಿಗೂ ಹೇಳಲಿಲ್ಲ. ಹೇಳಿದರೆ ಇರುವ ಅನ್ನವೂ ಹೋಗುತ್ತದೆ. ಕಣ್ಣು ಕೈಕೊಟ್ಟರೇನು, ಬೆರಳಿದೆಯಲ್ಲ! ಗೀರನ್ನು ಉಗುರಿನಲ್ಲಿ ಹುಡುಕಿ, ಜಿಡ್ಡು ಅಲ್ಲಿವರೆಗೆ ಬಂದಿದೆಯೇ ಎಂದು ತಡವಿ ನೋಡತೊಡಗಿದ. ಬಿಸಿ ಕಡ್ಡಿ ಬೆರಳು ಸುಟ್ಟಿತು. ಅದಕ್ಕೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ, ತಣ್ಣಗಿರುವಾಗಲೇ ಕಡ್ಡಿ ಎಳೆಯುವ ರೂಢಿ ಮಾಡಿಕೊಂಡ. ಆಯಿಲ್ ಗೀರಿನ ಕೆಳಗಿದೆ ಅನಿಸಿದರೆ ಗೀರು ಮುಟ್ಟುವವರೆಗೆ ಸುರಿದ. ಒಂದು ದಿನವೂ ಸೋಮಾರಿತನ ಮಾಡಲಿಲ್ಲ, ಅದೇ ಕೇಡಾಯಿತು.

ಕಾರು ರಸ್ತೆಗಿಳಿದು ಕಾದಾಗ ಹೆಚ್ಚಾದ ಆಯಿಲ್ ಉಬ್ಬಿ, ನೊರೆಯೆದ್ದು, ಸಿಕ್ಕ ಸಂದಿಯಲ್ಲೆಲ್ಲ ಹೊರಗೆ ನುಗ್ಗುತ್ತಿತ್ತು. ಸಂಜೆ ನಿಂತ ಕಾರುಗಳ ಅಡಿಯಲ್ಲಿ ಆ ಆಯಿಲ್ಲಿನ ಕೆಂಪು ಕಲೆ. ಬಿಸಿ ಪೈಪಿನ ಮೇಲೆ ತೊಟ್ಟಿಕ್ಕಿ ಒಳಗೆಲ್ಲ ಸುಟ್ಟ ವಾಸನೆ. ಭಾಮೈದ ಅಂಗಾತ ಮಲಗಿ, ಆಯಿಲ್ ಸೋರದಂತೆ ತಡೆಯುವ ಸೀಲ್ ಬದಲಿಸಿದ. ಮತ್ತೆ ಸೋರಿತು. ಮತ್ತೆ ಬದಲಿಸಿದ. ಬಿಸಿಯಪ್ಪ ಬೆಳಿಗ್ಗೆ ಬಂದು ಮತ್ತೆ ಸುರಿದ.

ಕೊನೆಗೆ ಭಾಮೈದ ಕೈ ಒರೆಸಿಕೊಳ್ಳುತ್ತ ಕೇಳಿದ: “ಸೀಲ್ ಗಟ್ಟಿಯಾಗಿದೆ. ಆಯಿಲ್ಲೇ ಜಾಸ್ತಿ ಆಗ್ತಿರೋ ಹಾಗಿದೆ. ಭಾವ, ನೀನು ಬಿಸಿಯಾದ್ಮೇಲೇ ತಾನೇ ನೋಡೋದು?”

“ಮತ್ತೆ? ನಂಗೇ ಪಾಠ ಹೇಳೋಕೆ ಬಂದ್ಯಾ? ನೀನು ಚಡ್ಡಿ ಹಾಕೋ ಮುಂಚೆ ನಾನು ಗಾಡಿ ಓಡಿಸ್ದೋನು.”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು ಭಾಮೈದನಿಗೆ ಕಂಡಿರಬೇಕು. ಮತ್ತೊಂದು ಕಾರಿನ ಅಡಿಗೆ ಸರಿದ.

ಅದೇ ದಿನ ಮಧ್ಯಾಹ್ನ ಒಂದು ಕಾರು ಏರು ರಸ್ತೆಯಲ್ಲಿ ನಿಂತುಬಿಟ್ಟಿತು. ಎಂಜಿನ್ ಅರಚಿಕೊಂಡರೂ ಚಕ್ರ ಕದಲಲಿಲ್ಲ. ಗಿರಾಕಿಗಳು ಇಳಿದು ಬೈದು ಹೋದರು. ಮಾಲೀಕ ಶೆಡ್ಡಿಗೆ ನುಗ್ಗಿ ಎಲ್ಲರೆದುರು ಭಾಮೈದನ ಮೇಲೆ ಕೂಗಿದ: “ಹೊಸ ಸೀಲ್ ಮಾರ್ಕೊಂಡು ಹಳೇದನ್ನೇ ಒರೆಸಿ ಹಾಕ್ತಿದೀಯಲ್ಲೋ ಕಳ್ಳ!”

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಭಾಮೈದ ಒಂದೇ ಒಂದು ಸಲ ಭಾವನ ಕಡೆ ನೋಡಿದ. ಬಿಸಿಯಪ್ಪ ಬಟ್ಟೆ ತೆಗೆದುಕೊಂಡು ಪಕ್ಕದ ಕಾರಿನ ಕನ್ನಡಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಉಳಿದವರೂ ನೆಲ ನೋಡುತ್ತ ನಿಂತರು.

ಭಾಮೈದ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡ. ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದ: “ಭಾವ, ನಾಳೆಯಿಂದ ಬೆರಳಿಗೆ ತೆಳು ಬಟ್ಟೆ ಸುತ್ಕೊಂಡು ನೋಡು. ಸುಡಲ್ಲ. ಅಕ್ಕಂಗೆ ಏನೂ ಹೇಳ್ಬೇಡ.”

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಬಿಸಿಯಪ್ಪ ಬೆರಳಿಗೆ ಬಟ್ಟೆ ಸುತ್ತಿದ. ಎಂಜಿನ್ ಬಿಸಿಯಾಗಲು ಬಿಟ್ಟು ಕಡ್ಡಿ ಎಳೆದ. ಬಟ್ಟೆಯ ಮೇಲಿಂದಲೂ ಗೀರು ಉಗುರಿಗೆ ಸಿಕ್ಕಿತು. ತುಂಬಿ ತುಳುಕುತ್ತಿದ್ದ ಆಯಿಲ್ಲನ್ನು ತಾನೇ ಇಳಿಸಿದ. ಕೆಂಪು ಕಲೆ ಬೀಳುವುದು ನಿಂತಿತು. ಮಾಲೀಕ ಮೀಸೆ ತಿರುವಿದ: “ನೋಡಿದ್ರಾ? ಕಳ್ಳ ಹೋದ, ಸೋರೋದೂ ಹೋಯ್ತು.” ಬಿಸಿಯಪ್ಪ ಕೆಲಸವನ್ನು ಸರಿಯಾಗಿ ಮಾಡಿದಷ್ಟೂ ಭಾಮೈದನ ಕಳ್ಳತನ ಗಟ್ಟಿಯಾಗುತ್ತ ಹೋಯಿತು.

ಕಳ್ಳನೆಂಬ ಹೆಸರು ಹೊತ್ತವನನ್ನು ಯಾವ ಶೆಡ್ಡಿನವರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುತ್ತಿದ್ದ ಕೈ ಈಗ ಗೋದಾಮಿನಲ್ಲಿ ಟೈರು ಹೊರುತ್ತದೆ.

“ನನ್ನ ತಮ್ಮ ಕದಿಯೋನಾ? ನೀವು ಅಲ್ಲೇ ಇದ್ರಲ್ಲ, ಏನ್ ನೋಡಿದ್ರಿ ಹೇಳಿ” ಎಂದು ಹೆಂಡತಿ ಹಿಡಿದು ಕೇಳಿದಳು.

“ನಂಗೆ ಸರಿಯಾಗಿ ಕಾಣ್ಲಿಲ್ಲ ಕಣೇ.”

ತನ್ನ ಕಣ್ಣಿನ ಬಗ್ಗೆ ಅವನು ಮನೆಯಲ್ಲಿ ಆಡಿದ ಮೊದಲ ನಿಜ ಅದು. ಅದನ್ನೂ ಸುಳ್ಳಿಗೆ ಬಳಸಿದ.

ಒಮ್ಮೆ ಹೇಳಿಬಿಡಬೇಕೆಂದೇ ಭಾಮೈದನ ಮನೆಗೆ ಹೋಗಿದ್ದ. ನೀರು ಕೊಟ್ಟ ಭಾಮೈದ, “ಕಾರುಗಳು ಹೇಗಿವೆ ಭಾವ?” ಅಂದ.

“ಸೋರ್ತಿಲ್ಲ.”

“ಒಳ್ಳೇದಾಯ್ತು ಬಿಡು.”

ಲೋಟ ಖಾಲಿಯಾಯಿತು. ಬಿಸಿಯಪ್ಪ ಎದ್ದು ಬಂದ. ಈಗಲೂ ಬೆಳಿಗ್ಗೆ ಬಟ್ಟೆ ಸುತ್ತುವಾಗೆಲ್ಲ ಆ ಮಾತು ಗಂಟಲವರೆಗೆ ಬರುತ್ತದೆ. ಎಂಜಿನ್ ಸದ್ದಿಗೆ ಮತ್ತೆ ಒಳಗಿಳಿಯುತ್ತದೆ.

ಬಿಸಿಯಪ್ಪನಿಗೆ ಉಗಿಯುವುದು ಸುಲಭ. ಉಗಿಯಿರಿ, ಅವನೂ ಬೇಡ ಅನ್ನಲಾರ. ಆದರೆ ನಿಮ್ಮ ಕೈಕೆಳಗೂ ನಾಲ್ಕು ಜನ ದುಡಿಯುತ್ತಾರಲ್ಲ, ಅವರಲ್ಲಿ ಕಣ್ಣು ಮಂಜಾದವರು ಯಾರು, ಕಿವಿ ಮಂದವಾದವರು ಯಾರು, ಬಲ್ಲಿರಾ? ಬಲ್ಲಿರಿ ಹೇಗೆ? ಬಾಯಿಬಿಟ್ಟರೆ ಅವರ ಅನ್ನ ಕಿತ್ತುಕೊಳ್ಳುವವರು ನೀವೇ. ನಾಳೆ ಬೆಳಿಗ್ಗೆ ಅವರ ಎದುರು ನಿಂತು, ಹೇಳಿದವರ ಕೆಲಸ ಹೋಗುವುದಿಲ್ಲ ಎಂದು ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ. ನಿಜ ಹೇಳಿ ಅಂತ ಅವರನ್ನು ಕೇಳುವುದು ಆಮೇಲಿರಲಿ.