ನಡುವೆ ನಿಂತ ಮುಳ್ಳು

ಬೆಟಗೇರಿಯ ನಮ್ಮ ಓಣಿಗೆಲ್ಲ ಒಂದೇ ಕಾರು ಇದ್ದ ಕಾಲ ಅದು. ಅಪ್ಪನ ಹಳೇ ಡೀಸೆಲ್ ಕಾರು. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಡೀಸೆಲ್ಲು, ಅಪ್ಪನ ತಲೆಯೆಣ್ಣೆ ಮೂರೂ ಬೆರೆತ ಅದರ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬಡಿಯುತ್ತದೆ. ಸ್ಟೇರಿಂಗಿನ ಪಕ್ಕ ಅಪ್ಪ ಬೇರೆಯಾಗಿ ಕೂರಿಸಿದ್ದ ಒಂದು ಗುಂಡು ಮೀಟರ್ ಇತ್ತು. ಎಂಜಿನ್ ಆಯಿಲ್ ಎಷ್ಟು ಕಾದಿದೆಯೆಂದು ಅದರ ಕೆಂಪು ಮುಳ್ಳು ತೋರಿಸುತ್ತಿತ್ತು. ಅದನ್ನು ಕಾಯುವ ಕೆಲಸ ನನ್ನದು.

"ನಿಮ್ಮವ್ವ ಮಿರ್ಚಿ ಕರಿಯೂ ಮುಂದ ನೋಡೀಯಿಲ್ಲೊ? ಎಣ್ಣಿ ಭಾಳ ತಣ್ಣಗಿರಬಾರದು, ಭಾಳ ಕಾದಿರಬಾರದು. ಎಂಜಿನ್ನಿಗೂ ಹಂಗ, ಅವ್ವಿ," ಎಂದು ಅಪ್ಪ ಕಲಿಸಿದ್ದರು. "ಮುಂಜಾನೆ ಮುಳ್ಳು ಕೆಳಗ ಮಲಗಿರಬೇಕು. ನೀರು ಜಲ್ದಿ ಕಾಯತೈತಿ, ಎಣ್ಣಿ ಸಾವಕಾಶ. ತೊಂಬತ್ತರಿಂದ ನೂರಾ ಹತ್ತರ ತನಕ ಚಿಂತಿಲ್ಲ. ನೂರಾ ಮೂವತ್ತು ದಾಟಿದ್ರ ಕೂಗು."

ನನ್ನ ಗೆಳತಿ ನಸೀಮಾ ಹಿಂದಿನ ಸೀಟಿನಿಂದ ಇಣುಕುತ್ತಿದ್ದಳು. ಹುಲಕೋಟಿ ಬರುವುದರೊಳಗೆ ಮುಳ್ಳು ತೊಂಬತ್ತು ಮುಟ್ಟುತ್ತದೋ ಇಲ್ಲವೋ ಎಂದು ಪೈಜು. ಸೋತವಳು ಪೆಪ್ಪರಮಿಂಟ್ ಕೊಡಬೇಕು.

ಆ ಬೇಸಿಗೆಯಲ್ಲಿ ಮುಳ್ಳಿಗೆ ಏನೋ ಆಯಿತು. ಮುಂಡರಗಿ ರಸ್ತೆಯಲ್ಲಿ ಪ್ರತಿ ಸಲವೂ ಮೇಲೇರುತ್ತಿತ್ತು. ನಾನು ಕೂಗುತ್ತಿದ್ದೆ, ಅಪ್ಪ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಸುಮ್ಮನೆ ಬೀಡಿ ಸೇದುತ್ತಿದ್ದರು. ಕೊನೆಗೊಮ್ಮೆ ಹುಬ್ಬಳ್ಳಿಗೆ ಒಯ್ದು ತಂದು, "ರಿಪೇರಿ ಆತು" ಎಂದರು.

ಅದೇ ವಾರ ಕಾರು ಕೊಳ್ಳಲು ಬಂದವರು ನಸೀಮಾಳ ಅಪ್ಪ, ಮೆಣಸಿನಕಾಯಿ ವ್ಯಾಪಾರದ ಬಾಷಾ ಕಾಕಾ. ಅವರು ಬರುವ ಮೊದಲೇ ಅಪ್ಪ ಗಾಡಿಯನ್ನು ಊರೆಲ್ಲ ಸುತ್ತಿಸಿ ತಂದಿದ್ದರು, ಬಾನೆಟ್ ಬಿಸಿಯಿತ್ತು. ನನ್ನನ್ನು ಎಂದಿನಂತೆ ಮುಂದೆ ಕೂರಿಸಿದರು. ಕಾಕಾ ಕುರ್ತಕೋಟಿಯವರೆಗೆ ತಾವೇ ಓಡಿಸಿದರು.

"ಏನವಾ ಮುಳ್ಳಿನ ಮಾಲಕಿ, ನೀ ಹೇಳು. ಈಗ ಏರಾಂಗಿಲ್ಲಲ್ಲ?"

"ಇಲ್ರಿ ಕಾಕಾ, ತೊಂಬತ್ತೈದು! ನಾರ್ಮಲ್ ಐತಿ!"

"ಕಾನ್ವೆಂಟ್ ಸಿಸ್ಟರ್‌ಗಳ ಸಾಲಿ ಹುಡುಗಿ, ಸುಳ್ಳ ಹೇಳಾಂಗಿಲ್ಲ," ಎಂದು ಕಾಕಾ ನಕ್ಕರು. ಹಿಂದೆ ಕೂತ ಅಪ್ಪ ನನ್ನ ತಲೆ ಸವರಿದರು. ನನಗೆ ಹೆಮ್ಮೆ.

ಕಾಕಾ ಕಾರು ಕೊಂಡರು. ಮುಂದಿನ ಭಾನುವಾರ ಅದರಲ್ಲಿ ಅವರ ಮೊದಲ ಪ್ರಯಾಣ, ಲಕ್ಷ್ಮೇಶ್ವರಕ್ಕೆ ನನ್ನನ್ನೂ ಕರೆದರು. ಬೆಳಗಿನ ತಂಪು. ನಸೀಮಾಳ ತಾಯಿಯ ಮಡಿಲಲ್ಲಿ ಪಲಾವಿನ ಡಬ್ಬಿ ಘಮಘಮಿಸುತ್ತಿತ್ತು. ಕಾಕಾ ಇನ್ನೂ ಕೀಲಿ ಹಾಕಿರಲಿಲ್ಲ. ಅಭ್ಯಾಸಬಲದಿಂದ ಮೀಟರ್ ನೋಡಿದೆ.

"ಕಾಕಾ... ಗಾಡಿ ಚಾಲೂನ ಮಾಡಿಲ್ಲ. ಎಣ್ಣಿ ಹೆಂಗ ಕಾದೈತ್ರಿ?"

ಮುಳ್ಳು ತೊಂಬತ್ತೈದರಲ್ಲೇ ಇತ್ತು. ಕಾಕಾ ಗಾಜಿನ ಮೇಲೆ ಉಗುರಿನಿಂದ ಬಡಿದರು. ಅಲುಗಲಿಲ್ಲ. ಸ್ಕ್ರೂಡ್ರೈವರ್ ತಂದು ಗಾಜು ಬಿಚ್ಚಿದರು. ಮುಳ್ಳಿನ ಹಿಂದೆ ಒಣಗಿದ ಅಂಟಿನ ಒಂದು ಹನಿ.

"ಎಲ್ಲಾರೂ ಇಳೀರಿ," ಎಂದರು, ಮೆಲ್ಲಗೆ.

ನಸೀಮಾ ನನ್ನ ಮುಖವನ್ನೇ ನೋಡಿದಳು. "ನಾರ್ಮಲ್ ಐತಿ ಅಂತ ನೀನ ಹೇಳಿದ್ಯಲ್ಲ?"

ಮನೆಗೆ ಬಂದಾಗ ಅಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿದು ಊದುತ್ತಿದ್ದರು.

"ಅಪ್ಪಾ, ಮುಳ್ಳಿಗೆ ಅಂಟು ಹಚ್ಚಿದವರು ಯಾರು?"

"ವ್ಯಾಪಾರದಾಗ ಇಂಥಾವೆಲ್ಲ ಇರ್ತಾವ."

"ಮತ್ತ ನನ್ನ ಯಾಕ ಕುಂಡ್ರಿಸಿದ್ರಿ?"

"ನನ್ನ ಮಾತ ಅಂವ ನಂಬತಿದ್ದಿಲ್ಲ. ನಿನ್ನ ಮಾತ ನಂಬಿದ."

ಹೊಗಳಿದ ಹಾಗೆಯೇ ಹೇಳಿದರು. ಆಮೇಲೆ ಚಹಾ ಕುಡಿದರು.

ಸಂಜೆಗೆ ಕಾರು ನಮ್ಮ ಬಾಗಿಲಿಗೆ ಮರಳಿತು. ನಸೀಮಾ ಮರಳಲಿಲ್ಲ. ಶಾಲೆಯಲ್ಲಿ ಬೇರೆ ಬೆಂಚು ಹಿಡಿದಳು. ಅಪ್ಪ ಮೀಟರ್ ಸರಿಮಾಡಿಸಿ, "ಬಾ ಅವ್ವಿ, ಮುಂದ ಬಾ" ಎಂದು ಎಷ್ಟೋ ಸಲ ಕರೆದರು. ನಾನು ಹಿಂದೆಯೇ ಕೂರುತ್ತಿದ್ದೆ.

ಆವರೆಗೆ ಅಪ್ಪ ಹೇಳಿದ್ದೆಲ್ಲ ನನಗೆ ಖರೆಯೇ ಆಗಿತ್ತು. ಅದಕ್ಕೆ ಇನ್ನೊಬ್ಬರ ಸಾಕ್ಷಿ ಬೇಕೆಂದು ತೋಚಿರಲೇ ಇಲ್ಲ. ಈಗ ಅವರಿಗೆ ವಯಸ್ಸಾಗಿದೆ. ಬಿ.ಪಿ. ನೋಡುವ ಯಂತ್ರ ಮನೆಯಲ್ಲೇ ಇದೆ. ದಿನಾ ಫೋನ್ ಮಾಡಿ, "ಎಲ್ಲಾ ಬರೋಬ್ಬರಿ ಐತಿ ಅವ್ವಿ, ಕಾಳಜಿ ಮಾಡಬ್ಯಾಡ" ಎನ್ನುತ್ತಾರೆ.

"ಛಲೋ ಆತ್ರಿ ಅಪ್ಪಾ," ಎನ್ನುತ್ತೇನೆ. ಆಮೇಲೆ ಅವ್ವನ ಕೈಗೆ ಫೋನ್ ಕೊಡಿಸಿ, ಯಂತ್ರದಲ್ಲಿ ಎಷ್ಟು ಬಂತೆಂದು ಕೇಳುತ್ತೇನೆ.